ಸಂಘಮಿತ್ರಾ ಮೇಡಂ ಬೋರ್ಡಿನ ಮೇಲಿನ ‘ಅಡ್ಜಸ್ಟ್’

ತಿ. ನರಸೀಪುರ ತಾಲ್ಲೂಕಿನಲ್ಲಿ ಮಕ್ಕಳನ್ನು ಹೆದರಿಸದೆ ಇಂಗ್ಲಿಷ್ ಕಲಿಸಿದವರಲ್ಲಿ ಶ್ರೀಮತಿ ಸಂಘಮಿತ್ರಾ ಅವರದು ಮೊದಲ ಹೆಸರು. ಹೆದರಿಸಿಯೂ ಕಲಿಸಲಾಗದ ನಮ್ಮಂಥ ಸಹೋದ್ಯೋಗಿಗಳು ಅವರ ನಿವೃತ್ತಿಯ ಸಂದರ್ಭದಲ್ಲಾದರೂ ಇದನ್ನು ಒಪ್ಪಿಕೊಳ್ಳುವುದು ಶೋಭೆ. ನಂಜನಗೂಡಿನಲ್ಲಿ ಸೇವೆಗೆ ಸೇರಿದಂದಿನಿಂದ ಅವರ ಪದ್ಧತಿ ಒಂದೇ: ವಾರಕ್ಕೊಂದು ಇಂಗ್ಲಿಷ್ ಪದ. ಮನೆಮಂದಿ ಅದನ್ನು ಹೇಗೆಲ್ಲ ಬಳಸುತ್ತಾರೆಂದು ಮಕ್ಕಳು ಕೇಳಿಸಿಕೊಂಡು ಬರಬೇಕು. ಮೇಡಂ ಆ ಮಾತನ್ನು ಬೋರ್ಡಿನ ಮೇಲೆ ಬರೆದು, ಕೆಳಗೆ ಆಡಿದವರ ಹೆಸರು ಹಾಕುತ್ತಿದ್ದರು. ಗ್ರಂಥಕರ್ತರಿಗೆ ಸಲ್ಲುವ ಆ ಮರ್ಯಾದೆ ಹಾಲು ಮಾರುವ ವೆಂಕಟಮ್ಮನವರಿಗೂ ಸಂದಿತ್ತು.

ನರಸೀಪುರಕ್ಕೆ ವರ್ಗವಾಗಿ ಬಂದ ವರ್ಷ ‘ಅಡ್ಜಸ್ಟ್’ ಪದದ ಸರದಿ. ಬಸ್ಸಿನಲ್ಲಿ ಒತ್ತರಿಸಿ ಕೂರುವುದು, ಸಾರಿನ ಉಪ್ಪು ಸರಿಮಾಡುವುದು, ಸೈಕಲ್ ಬ್ರೇಕು ಬಿಗಿಮಾಡುವುದು, ಎಲ್ಲ ಬಂದವು. ಸೋಸಲೆಯಿಂದ ಬರುತ್ತಿದ್ದ ಒಂಬತ್ತನೇ ತರಗತಿಯ ಅರ್ಪಿತ ಎದ್ದು ನಿಂತಳು.

“‘ಗಂಡಿಗೆ ವಸಿ ವಯಸ್ಸಾಗ್ಯದೆ, ಅಡ್ಜಸ್ಟ್ ಮಾಡ್ಕೊ.’ ನಮ್ಮಪ್ಪ ಹೇಳಿದ್ದು ಮಿಸ್.”

ಒಳ್ಳೆಯ ಪ್ರಯೋಗ. ಮೇಡಂ ದುಂಡಗೆ ಬರೆದು, ಕೆಳಗೆ ‘ಗಂಗಾಧರಸ್ವಾಮಿ’ ಎಂದೂ ಸೇರಿಸಿ, ತಿರುಗಿ ಕೇಳಿದರು: “ಯಾವ ಗಂಡು ಕಣಮ್ಮ?”

“ನಂಗೆ ನೋಡಿರೋದು ಮಿಸ್. ಸೋಮವಾರ ಧಾರೆ.”

ಮೇಡಂ ಡಸ್ಟರ್ ಎತ್ತಿಕೊಂಡು, ಅಳಿಸದೆ ಮತ್ತೆ ಕೆಳಗಿಟ್ಟರು. ಅಷ್ಟು ಅಕ್ಕರೆಯಿಂದ ತಿದ್ದಿದ ತಮ್ಮ ಅಕ್ಷರವೇ ಅವರಿಗೆ ನೋಡಲಾಗದಂತಾಗಿತ್ತು.

ಅಂದು ಸಂಜೆಯೇ ಸೋಸಲೆಯ ಬಸ್ಸು ಹತ್ತಿದರು. ದಿನಸಿ ಅಂಗಡಿಯ ಗಂಗಾಧರಸ್ವಾಮಿ ಕಾಪಿ ತರಿಸಿದರು.

“ಮಾತು ಕೊಟ್ಟಾಗ್ಯದೆ ಮೇಡಂ, ಛತ್ರನೂ ಬುಕ್ಕಾಗ್ಯದೆ. ನೀವೂ ವಸಿ ಅಡ್ಜಸ್ಟ್ ಮಾಡ್ಕಳಿ.”

“ಇದನ್ನೂ ಬರೀತೀನಿ ಯಜಮಾನ್ರೇ. ಮೊದಲನೇದು ನಿಮ್ಮ ಹೆಸರಲ್ಲೇ ಬೋರ್ಡ್ ಮೇಲಿದೆ. ನಾಳೆ ಪೋಷಕರ ಸಭೆ ಅದೇ ರೂಮಲ್ಲಿ. ಮದುವೆ ನಿಲ್ಲಿಸಿ ನೀವೇ ಬಂದು ಅಳಿಸಿ. ಇಲ್ಲಾಂದ್ರೆ ಪೊಲೀಸಿನವರಿಗೂ ಅಲ್ಲೇ ಓದಿಸ್ತೀನಿ.”

ಕಾಪಿ ಲೋಟದಲ್ಲೇ ಆರಿತು.

ಮರುದಿನ ಗಂಟೆ ಹೊಡೆಯುವ ಮೊದಲೇ ಗಂಗಾಧರಸ್ವಾಮಿ ಶಾಲೆಗೆ ಬಂದರು. “ಛತ್ರ ಬ್ಯಾಡ ಅಂದ್ಬುಟ್ಟೆ,” ಎಂದು, ಹೆಗಲ ಟವಲಿನಿಂದ ತಮ್ಮ ಹೆಸರನ್ನಷ್ಟೇ ಒರೆಸಿ ಹೊರಟರು.

“ವಾಕ್ಯಾನೂ, ಯಜಮಾನ್ರೇ,” ಎಂದರು ಮೇಡಂ.

ಅವರು ಹಿಂದಿರುಗಿ ಬಂದು ಅದನ್ನೂ ಒರೆಸಿದರು.

ಅರ್ಪಿತ ಈಗ ನಂಜನಗೂಡಿನಲ್ಲಿ ಇಂಗ್ಲಿಷ್ ಅಧ್ಯಾಪಕಿ. ನಿವೃತ್ತಿಯ ನಂತರ ಶನಿವಾರಗಳಂದು ತನ್ನ ಶಾಲೆಗೆ ಬಂದು ಪಾಠ ಮಾಡಲು ತನ್ನ ಮಿಸ್ಸನ್ನು ಆಗಲೇ ಒಪ್ಪಿಸಿದ್ದಾಳೆ. ಮೇಡಂ ಅವರ ಆಯುಷ್ಯ, ಆರೋಗ್ಯ ನೂರ್ಕಾಲ ಗಟ್ಟಿಯಾಗಿರಲಿ. ಅವರ ಬೋರ್ಡಿನ ಮೇಲೆ ಹೆಸರು ಬೀಳಬಹುದೆಂಬ ಅಂಜಿಕೆ ನಮ್ಮೆಲ್ಲರಿಗೂ ಹಾಗೇ ಇರಲಿ.