ಚಪಾತಿ ಮಣೆಯ ಮೇಲೆ ಎಪ್ಪತ್ತೆಂಟು ಸುತ್ತು

ಬಳ್ಳಾರಿಯ ಪಾಲಿಟೆಕ್ನಿಕ್ ಒಂದರಲ್ಲಿ ಮೂವತ್ತು ವರ್ಷ ಹುಡುಗರಿಗೆ ಮೋಟಾರಿನ ಪಾಠ ಹೇಳಿದವನು ನಾನು. ಆದರೂ ಕುರುಗೋಡಿನಲ್ಲಿರುವ ಅಕ್ಕನ ಮನೆಯಲ್ಲಿ ಒಂದು ಬಲ್ಬು ಬದಲಿಸಲೂ ನನಗೆ ಅಪ್ಪಣೆಯಿಲ್ಲ. ಫ್ಯಾನು ನಿಂತರೆ ಬಜಾರದಿಂದ ಮೆಕ್ಯಾನಿಕ್ ಬರುತ್ತಾನೆ. ನಾನು ಚಹಾ ಕುಡಿಯುತ್ತ ಅವನ ತಪ್ಪುಗಳನ್ನು ನೋಡುತ್ತ ಕೂರಬೇಕು. ಬಾಯಿ ಬಿಟ್ಟರೆ ಅಕ್ಕ, "ನೀ ಸುಮ್ನ ಕುಂದ್ರು. ಅಪ್ಪನ ಗ್ರಾಮಫೋನ್ ರಿಪೇರಿ ಮಾಡಿದ್ದ ಸಾಕಾಗೈತಿ" ಎನ್ನುತ್ತಾಳೆ.

ಆಕೆ ಹೇಳುವುದರಲ್ಲಿ ಸುಳ್ಳಿಲ್ಲ. ಅಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದಾಗ ನಮ್ಮ ಮನೆಯಲ್ಲಿ ಕೀಲಿ ಕೊಟ್ಟು ತಿರುಗಿಸುವ ಹಳೆಯ ಗ್ರಾಮಫೋನ್ ಇತ್ತು. ಹಾಡಿನ ಪ್ಲೇಟು ಮಾತ್ರ ಒಂದೇ. ಸಂಜೆ ಅಪ್ಪ ಅದನ್ನು ಹಾಕಿದರೆ ಅಕ್ಕ ಜೊತೆಗೆ ಹಾಡುತ್ತಿದ್ದಳು. ಹಾಡು ತುಸು ಎಳೆಯುತ್ತಿದೆ ಎಂದು ನನಗೊಬ್ಬನಿಗೇ ಅನ್ನಿಸಿತು. ಹನ್ನೊಂದನೆಯ ವಯಸ್ಸಿನಲ್ಲಿ ಅದನ್ನು ಸರಿಮಾಡಲು ಪೆಟ್ಟಿಗೆ ಬಿಚ್ಚಿದೆ. ಒಳಗಿನ ಸ್ಪ್ರಿಂಗು ಸುರುಳಿ ಕಳಚಿ ಗೋಡೆಗೆ ಬಡಿಯಿತು, ಮತ್ತೆ ಒಳಗೆ ಹೋಗಲೇ ಇಲ್ಲ. ಅಪ್ಪ ಬೈಯಲಿಲ್ಲ, ಆದರೆ ಆ ಹಾಡನ್ನು ಮತ್ತೆ ಕೇಳದೆಯೇ ತೀರಿಹೋದರು. ಅಕ್ಕ ಮದುವೆಯಾದಾಗ ಪ್ಲೇಟನ್ನು ಸೀರೆಗಳ ನಡುವೆ ಇಟ್ಟುಕೊಂಡು ಕುರುಗೋಡಿಗೆ ಒಯ್ದಳು.

ನಿವೃತ್ತನಾದ ಮೇಲೆ ನನಗೆ ಒಂದೇ ಹಟ: ಆ ಹಾಡನ್ನು ಅಕ್ಕನಿಗೆ ಕೇಳಿಸಿ ಮಾಫಿ ಪಡೆಯಬೇಕು. ಯಂತ್ರ ಸಿದ್ಧವೇ ಸಿಗುತ್ತದಲ್ಲ ಎಂದಳು ಹೆಂಡತಿ. ಅಂಗಡಿಯ ಯಂತ್ರದಿಂದ ಅಂಗಡಿಯವನಿಗೆ ಮಾಫಿ ಸಿಕ್ಕೀತು, ನನಗಲ್ಲ. ಬಳ್ಳಾರಿಯಲ್ಲಿ ಗಲ್ಲಿಗೊಂದು ಕಡೆ ಜೀನ್ಸ್ ಹೊಲಿಯುತ್ತಾರೆ. ಅಂಥಲ್ಲಿಂದ ಹೊಲಿಗೆ ಮಿಷಿನಿನ ಹಳೆಯ ಮೋಟಾರೊಂದನ್ನು, ಕಾಲಲ್ಲಿ ಒತ್ತುವ ಪೆಡಲ್ ಸಮೇತ ತಂದೆ. ಪ್ಲೇಟಿನ ಮೇಲೆ ಓಡುವ ಮುಳ್ಳು, ಅದರ ತೋಳು, ಸ್ಪೀಕರು ಕೊರಿಯರಿನಲ್ಲಿ ಬಂದವು. ಪ್ಲೇಟು ಕೂರಿಸಲು ದುಂಡಗಿನ ಹಲಗೆ ಬೇಕಿತ್ತು. ಅಡುಗೆಮನೆಯಲ್ಲಿ ಚಪಾತಿ ಮಣೆ ಕಣ್ಣಿಗೆ ಬಿತ್ತು.

"ರೀ, ಆ ಮಣಿ ನನ್ನ ತವರಮನೀದು!" ಎಂದಳು ಹೆಂಡತಿ. ಅಷ್ಟರಲ್ಲಿ ನಟ್ಟನಡುವೆ ತೂತು ಕೊರೆದಾಗಿತ್ತು. ಆ ವಾರವೆಲ್ಲ ಗಾಂಧಿನಗರದ ನಮ್ಮ ಮನೆಯಲ್ಲಿ ಬರೀ ಅನ್ನ.

ಮೋಟಾರಿಗೂ ಮಣೆಗೂ ಬೆಲ್ಟು ಬಿಗಿದು, ಮಣೆಯ ಅಂಚಿಗೆ ಸುಣ್ಣದ ಗುರುತು ಹಾಕಿ ಸುತ್ತು ಎಣಿಸಿದೆ. ಇಂಥ ಹಳೆಯ ಪ್ಲೇಟು ನಿಮಿಷಕ್ಕೆ ಎಪ್ಪತ್ತೆಂಟು ಸುತ್ತಬೇಕು. ಪೆಡಲಿನ ಸಂದಿಗೆ ಕಟ್ಟಿಗೆಯ ಬೆಣೆ ಸಿಕ್ಕಿಸಿ ಆ ವೇಗಕ್ಕೇ ನಿಲ್ಲಿಸಿದೆ. ಒಂದು ಸುತ್ತೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪ್ಲೇಟನ್ನು ನನ್ನ ಕೈಗೆ ಕೊಡಲು ಅಕ್ಕ ಒಪ್ಪಲಿಲ್ಲವಾದ್ದರಿಂದ ಯಂತ್ರವನ್ನೇ ಕುರುಗೋಡಿಗೆ ಒಯ್ದೆ. ಆಕೆಯೇ ಪ್ಲೇಟನ್ನು ಸೆರಗಿನಿಂದ ಒರೆಸಿ ಮಣೆಯ ಮೇಲಿಟ್ಟಳು. ನಾನು ಮುಳ್ಳು ಇಳಿಸಿದೆ. ಹಾಡು ಸ್ವಚ್ಛವಾಗಿ ಬಂತು. ಅಕ್ಕನ ಹುಬ್ಬು ಗಂಟಿಕ್ಕಿತು.

"ಇದ್ಯಾವಕಿ? ಬಸ್ ತಪ್ಪತೈತಿ ಅನ್ನೋಹಂಗ ಹಾಡಾಕತ್ತಾಳ."

"ಅಕ್ಕಾ, ಅದ ಪ್ಲೇಟು. ಇದ ಖರೇ ವೇಗ. ಅಪ್ಪನ ಗ್ರಾಮಫೋನಿನ ಸ್ಪ್ರಿಂಗು ಸಡಿಲಿತ್ತು, ಅದಕ್ಕ ನಿಧಾನ ಕೇಳತಿತ್ತು" ಎಂದು ಪಾಠ ಶುರು ಮಾಡಿದೆ.

"ಅಂದ್ರ ಅಪ್ಪ ಕೇಳಿದ್ದು ತಪ್ಪು, ನೀ ಎಣಿಸಿದ್ದು ಸರಿ?" ಎಂದಳು. ಆಕೆಯ ಕಣ್ಣು ತುಂಬಿತ್ತು.

ಒಂದೇ ಹಾಡನ್ನು ಎರಡನೆಯ ಸಲ ಕೆಡಿಸಿದ್ದೆ. ನಾಚಿಕೆಯಿಂದ ಕುಗ್ಗಿಹೋದೆ. ಬಗ್ಗಿ ಬೆಣೆ ಕಿತ್ತು, ಪೆಡಲಿನ ಮೇಲೆ ನನ್ನ ಕಾಲಿಟ್ಟು, ಮೆಲ್ಲಗೆ ಸಡಿಲಿಸಿದೆ. ದನಿ ಇಳಿಯಿತು, ದಪ್ಪವಾಯಿತು.

"ಇನ್ನ ಸ್ವಲ್ಪ" ಎಂದಳು ಅಕ್ಕ. ಸಡಿಲಿಸಿದೆ. "ಹಾಂ! ಅಲ್ಲೇ ಇರು."

ಅಲ್ಲೇ ಇದ್ದೆ. ಅಕ್ಕ ಹಾಡತೊಡಗಿದಳು. ದನಿ ಒಡೆದಿತ್ತು, ಆದರೆ ಒಂದು ಅಕ್ಷರವೂ ಹಿಂದೆಮುಂದೆ ಆಗಲಿಲ್ಲ. ನನ್ನ ಮೀನಖಂಡ ಹಿಡಿದುಕೊಂಡು ಪ್ರಾಣ ಹೋಗುತ್ತಿತ್ತು, ಕಾಲು ಕದಲಿಸಲಿಲ್ಲ. ನಿಮಿಷಕ್ಕೆ ಎಷ್ಟು ಸುತ್ತು ಎಂದು ಎಣಿಸಲೂ ಇಲ್ಲ. ಮೋಟಾರು ಹೀಗೆ ಓಡಿದರೆ ಬಿಸಿಯಾಗುತ್ತದೆ ಎಂಬ ಮಾತು ಗಂಟಲವರೆಗೆ ಬಂದಿತ್ತು, ನುಂಗಿಕೊಂಡೆ.

ಹಾಡು ಮುಗಿಯಿತು. ಅಕ್ಕ ಪ್ಲೇಟನ್ನು ಎತ್ತಲಿಲ್ಲ.

"ಲೇ, ಇದನ್ನ ಇಲ್ಲೇ ಬಿಟ್ಟು ಹೋಗು" ಎಂದಳು. ಮೂಗು ಒರೆಸಿಕೊಂಡು, ನನ್ನ ಮುಖ ನೋಡದೆ ಸೇರಿಸಿದಳು: "ಕೆಟ್ರ ಬ್ಯಾರೆ ಯಾರಿಗೂ ಮುಟ್ಟಾಕ ಬಿಡಂಗಿಲ್ಲ. ನೀನ ಬರಬೇಕು."