ಸೋಮವಾರ ಒಗೆಯುತ್ತಿದ್ದ ಬೆಲ್ಟು

ಕುಶಾಲನಗರದ ಪಂಕ್ಚರ್ ಅಂಗಡಿಯವನು ಮೊಮ್ಮಗನ ಬೈಕಿನ ಸವೆದ ಟೈರು ಬಿಚ್ಚಿ, ಸೀಳಿದ ಜಾಗದ ನೂಲನ್ನು ಉಗುರಿನಿಂದ ಎಳೆದು ತೋರಿಸಿದ. ರಬ್ಬರ್ ಅಂತ ಹೆಸರಿಗೆ ಅಜ್ಜಿ, ಭಾರ ಹೊರೋದು ಒಳಗಿನ ಬಟ್ಟೆ ಎಂದ. ಈ ಪಾಠ ಅವನ ಅಪ್ಪ ಹುಟ್ಟುವ ಮೊದಲೇ ನನಗೆ ಆಗಿತ್ತು. ಗಂಡಸರು ಯಂತ್ರದ ವಿಷಯ ವಿವರಿಸುವಾಗ ಸುಮ್ಮನೆ ತಲೆಯಾಡಿಸುವುದು ಮದುವೆಯಾದಂದಿನಿಂದ ನನಗೆ ಅಭ್ಯಾಸ. ಆಡಿಸಿದೆ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಹಾಸನದ ಕಡೆಯಿಂದ ಬಂದು ಶಿರಂಗಾಲದಲ್ಲಿ ನೆಲೆಸಿದ್ದ ಮನೆಗೆ ನಾನು ಸೊಸೆಯಾಗಿ ಬಂದೆ. ನಮ್ಮವರು ಹೊಳೆದಂಡೆಯಲ್ಲಿ ರೈಸ್ ಮಿಲ್ಲು ಹಾಕಿದ್ದರು. ಮಿಲ್ಲಿನ ಯಜಮಾನನ ಹೆಂಡತಿ ಎಂದು ತವರಿನಲ್ಲಿ ನನಗೆ ಭಾರಿ ಮರ್ಯಾದೆ. ಇಲ್ಲಿ ನೋಡಿದರೆ ಮಿಲ್ಲಿನವರ ಮನೆಯಲ್ಲೇ ದಿನಾ ಒನಕೆ ಹಿಡಿದು ಭತ್ತ ಕುಟ್ಟಬೇಕು! ಕಾರಣ, ಎಂಜಿನ್ನಿನಿಂದ ಮಿಲ್ಲಿಗೆ ಓಡುವ ಬೆಲ್ಟು ಎಮ್ಮೆ ಚರ್ಮದ್ದು. ಆ ಅಕ್ಕಿಯನ್ನು ಅತ್ತೆ ಮುಟ್ಟುತ್ತಿರಲಿಲ್ಲ. ಕುಟ್ಟಿ ಕುಟ್ಟಿ ಅವರಿಗೆ ತೋಳು ಎತ್ತಲಾಗದ ನೋವು, ನನ್ನ ಅಂಗೈ ತುಂಬ ಬೊಬ್ಬೆ. ಹೆತ್ತ ತಾಯಿಯೇ ಉಣ್ಣದ ಅಕ್ಕಿ ಎಂದು ಊರವರೂ ಬೇರೆ ಮಿಲ್ಲಿಗೆ ಭತ್ತ ಹೊರತೊಡಗಿದರು. ನಮ್ಮವರಿಗೆ ವ್ಯಾಪಾರ ಕೆಟ್ಟದ್ದಕ್ಕಿಂತ ಅವ್ವ ಉಣ್ಣದ್ದೇ ಸಂಕಟ.

ಕೊನೆಗೆ ಮೈಸೂರಿನಿಂದ ಹೊಸ ಬೆಲ್ಟು ತಂದರು. ದಪ್ಪ ಕ್ಯಾನ್ವಾಸ್ ಬಟ್ಟೆಯ ಪದರಗಳಿಗೆ ರಬ್ಬರ್ ಮೆತ್ತಿ ಒತ್ತಿದ್ದು. ಅದರ ತುಂಡೊಂದನ್ನು ಅತ್ತೆಯ ಮುಂದೆ ಪದರ ಪದರವಾಗಿ ಬಿಡಿಸಿಟ್ಟು, ಲಾರಿ ಟೈರಿನೊಳಗೂ ಇಂಥದ್ದೇ ಬಟ್ಟೆ, ಚರ್ಮದ ಸೋಂಕೇ ಇಲ್ಲ, ರಬ್ಬರ್ ಅಂದರೆ ಮರದ ಹಾಲು ಎಂದೆಲ್ಲ ವಕೀಲರ ಹಾಗೆ ವಾದಿಸಿದರು. ಅತ್ತೆ ನೂಲನ್ನು ಮುಟ್ಟಿ ಮುಟ್ಟಿ ನೋಡಿದರು.

"ಬಟ್ಟೆ ಅಂದ್ಮೇಲೆ ಮೈಲಿಗೆ ಆಗ್ತದಲ್ಲ ಮಗಾ. ಯಾವತ್ತು ಒಗೀತೀಯ?"

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ನಮ್ಮವರು ನಗಲಿಲ್ಲ. ಸೋಮವಾರ ಎಂದರು.

ಪ್ರತಿ ಸೋಮವಾರ ಮಿಲ್ಲು ನಿಲ್ಲಿಸಿ, ಬೆಲ್ಟು ಬಿಚ್ಚಿ, ಹೊಳೆಯಲ್ಲಿ ಸೀಗೆಪುಡಿ ಹಾಕಿ ತಿಕ್ಕಿ, ನಮ್ಮ ಹಿತ್ತಲಿಗೆ ಕಾಣುವ ಬಂಡೆಯ ಮೇಲೆ ಒಣಹಾಕತೊಡಗಿದರು. ಅತ್ತೆ ಮಿಲ್ಲಿನ ಅಕ್ಕಿ ಉಂಡರು. ಒನಕೆ ಮೂಲೆ ಸೇರಿತು. ಬೆಲ್ಟು ಒಗೆಯುವ ಮಿಲ್ಲು ಎಂದು ಸುದ್ದಿಯಾಗಿ, ಹೊಳೆಯಾಚೆಯ ಮೈಸೂರು ರಾಜ್ಯದಿಂದಲೂ ಜನ ಬಂದರು.

ಆದರೆ ನೀರು ಕುಡಿದ ಬಟ್ಟೆ ಎಷ್ಟೆಂದು ತಾಳೀತು? ಪದರ ಬಿಟ್ಟುಕೊಂಡು ಸುಗ್ಗಿಯ ನಡುವೆ ಹರಿದೇಹೋಯಿತು. ಮಿಲ್ಲಿನ ತುಂಬ ಜನರ ಭತ್ತ. ಹೊಸ ಬಟ್ಟೆ ಬೆಲ್ಟು ತಂದರೂ ಒಗೆದರೆ ಮತ್ತೆ ಇದೇ ಗತಿ. ನಮ್ಮವರು ನನ್ನೊಬ್ಬಳಿಗೇ ಹೇಳಿ, ಅಟ್ಟದಲ್ಲಿದ್ದ ಹಳೇ ಚರ್ಮದ ಬೆಲ್ಟನ್ನೇ ಏರಿಸಿದರು. ಸೋಮವಾರ ಬಂತು. ಹರಿದ ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು, ಪೂಜೆಗೆ ಹೊರಟವರಂತೆ ಹೊಳೆಗೆ ನಡೆದರು. ಅದೇ ಸೀಗೆಪುಡಿ, ಅದೇ ಬಂಡೆ. ನಾನು ಅತ್ತೆಯ ಮುಖ ನೋಡದೆ ಆ ಅಕ್ಕಿಯನ್ನೇ ಅನ್ನಕ್ಕೆ ಇಟ್ಟೆ.

ಹೀಗೇ ನಡೆದಿರಲು ಒಂದು ಸೋಮವಾರ ಬಂಡೆಯ ಮೇಲೆ ಬೆಲ್ಟು ಒಣಗುತ್ತಿದೆ, ಇತ್ತ ಮಿಲ್ಲೂ ಜೋರಾಗಿ ಓಡುತ್ತಿದೆ. ಗಿರಾಕಿಗಳ ಗಲಾಟೆಯಲ್ಲಿ ನಮ್ಮವರಿಗೆ ನಿಲ್ಲಿಸುವುದು ಮರೆತಿತ್ತು. ಹಿತ್ತಲಲ್ಲಿ ಕೂತಿದ್ದ ಅತ್ತೆ ಆ ಕಡೆ ಈ ಕಡೆ ನೋಡಿದರು. ನಾನು ಯಾವ ಸುಳ್ಳು ಹೇಳಲಿ ಎಂದು ತಡಕಾಡುತ್ತಿದ್ದೆ. ಅತ್ತೆ ನನ್ನ ಕೈ ಹಿಡಿದು ಅಂಗೈ ಸವರಿದರು.

"ನಂಗೆ ಗೊತ್ತು ಅಂತ ಅವನಿಗೆ ಹೇಳ್ಬೇಡ ಕಣವ್ವ. ನಾ ಉಣ್ಲಿ ಅಂತ ತಾನೆ ಒಗೀತಾನೆ."

ಮಧ್ಯಾಹ್ನ ಅದೇ ಅನ್ನವನ್ನು ಎರಡು ಸಲ ಬಡಿಸಿಕೊಂಡರು. ಅವರು ತೀರಿಕೊಳ್ಳುವವರೆಗೂ ನಮ್ಮವರು ಆ ಚಿಂದಿಯನ್ನು ಒಗೆದರು. ಅವ್ವನಿಗೆ ಕೊನೆಗೂ ಗೊತ್ತಾಗಲಿಲ್ಲ ನೋಡು ಎಂದು ಆಮೇಲೂ ಜಂಬ ಪಡುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ಹೊಸ ಟೈರು ಕೂರಿಸುವಷ್ಟರಲ್ಲಿ ಮೊಮ್ಮಗನಿಗೂ ಇಷ್ಟನ್ನು ಹೇಳಿದೆ. ಅವತ್ತೇ ತಾತನಿಗೆ ಹೇಳಿದ್ದರೆ ಅಷ್ಟು ವರ್ಷದ ಕಷ್ಟ ತಪ್ಪುತ್ತಿತ್ತಲ್ಲ ಅಜ್ಜಿ ಎಂದ. ತಪ್ಪುತ್ತಿತ್ತು. ಆದರೆ ಸೋಮವಾರ ಬಂತೆಂದರೆ ಅತ್ತೆ ಬೆಳಿಗ್ಗೆಯೇ ಹಿತ್ತಲಿಗೆ ಹೋಗಿ ಕೂರುತ್ತಿದ್ದರು, ಮಗ ಒಗೆಯುವುದನ್ನು ನೋಡಲು.