ಗಾಳಿಯ ಗೊಬ್ಬರ

ಕಟಕೋಳದ ನಮ್ಮ ಜೋಳದ ಹೊಲಕ್ಕೆ ಆ ವರ್ಷ ಕಳೆ ತೆಗೆಯುವ ಎಡೆಕುಂಟೆ ಇಳಿಯಲೇ ಇಲ್ಲ. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಅಪ್ಪ ಹೋದ ಮೇಲೆ ಹೊಲ ನೋಡಿಕೊಳ್ಳುತ್ತಿದ್ದ ಕಾಕಾ ಸವದತ್ತಿಯ ರೈತರ ಸಭೆಯಿಂದ ಹಾಲು ಕುಡಿದಷ್ಟು ಖುಷಿಯಲ್ಲಿ ಬಂದರು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತಿದೆ, ಅದೇ ಬೆಳೆಯ ಊಟ, ಇನ್ನು ಪೈರು ಹುಲುಸಾಗುತ್ತದೆ ಎಂದು ಭಾಷಣಕಾರನೊಬ್ಬ ಹೇಳಿದ್ದನಂತೆ. ಪುಕ್ಕಟೆ ಗೊಬ್ಬರ ಸಿಗುವಾಗ ಸಾಲಿನ ನಡುವಿನ ಕಸ ತೆಗೆಯುವುದೇಕೆ, ಜೋಳವೇ ಅದನ್ನು ತುಳಿದು ಏಳುತ್ತದೆ ಎಂದು ಎತ್ತುಗಳನ್ನು ಕೊಟ್ಟಿಗೆಯಲ್ಲೇ ಬಿಟ್ಟರು.

ನಾನಾಗ ರಾಮದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅದು ಅರ್ಧ ನಿಜ ಅಂದೆ. ಗೋಧಿ, ಹತ್ತಿಗೆ ಒಂದಿಷ್ಟು ಲಾಭವಿರಬಹುದು. ಜೋಳವೋ ಇದ್ದ ಗಾಳಿಯಲ್ಲೇ ಬೇಕಾದಷ್ಟು ಎಳೆದುಕೊಳ್ಳುವ ಬೆಳೆ, ಹೆಚ್ಚು ಬಡಿಸಿದರೂ ಹೆಚ್ಚೇನೂ ಉಣ್ಣುವುದಿಲ್ಲ. ಉಂಡು ಕೊಬ್ಬುವುದು ಸಾಲಿನ ನಡುವಿನ ಕಾಂಗ್ರೆಸ್ ಕಸ, ಆ ಪಾರ್ಥೇನಿಯಂ. ಅದೂ ಒಂದೆರಡು ವರ್ಷದಲ್ಲಿ ಕಾಣುವ ಸಂಗತಿಯಲ್ಲ, ಮೊದಲು ಕುಂಟೆ ಹೊಡೆಯಿರಿ ಎಂದು ಅಂಗಲಾಚಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. "ಸಾಲಿ ಪಾಠ ಸಾಲ್ಯಾಗ ಇರ್ಲಿ," ಅಂದರು ಕಾಕಾ.

ಕಸ ಮೊಣಕಾಲು ದಾಟಿ ಸೊಂಟಕ್ಕೆ ಬಂತು. ನೋಡಲಾರದೆ ಅವ್ವ ದಿನಾ ಹೋಗಿ ಬರಿಗೈಯಲ್ಲಿ ಕಿತ್ತಳು. ಅದರ ನಂಜು ಊರಿಗೆಲ್ಲ ಗೊತ್ತು. ಮೊದಲು ತುರಿಕೆ, ಆಮೇಲೆ ನೀರುಗುಳ್ಳೆ, ಕಡೆಗೆ ಅಂಗೈ ಸೀಳಿ ರಕ್ತ. ಡಾಕ್ಟರು ಮುಲಾಮು ಕೊಟ್ಟು, ಕಸವನ್ನಂತೂ ಮುಟ್ಟಲೇಬೇಡಿ, ಹಿಟ್ಟು ನೀರಿನ ಕೆಲಸವೂ ಬೇಡ ಅಂದರು. ರೊಟ್ಟಿ ಬಡಿಯುವುದರಲ್ಲಿ ಓಣಿಗೇ ಹೆಸರಾದವಳು ಅವ್ವ. ಒಲೆಯ ಮುಂದೆ ಸುಮ್ಮನೆ ಕೂತ ಅವಳನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅರ್ಧ ಮಾತು ಹೇಳಿ ಚಪ್ಪಾಳೆ ಹೊಡೆಸಿಕೊಂಡು ಹೋದ ಆ ಭಾಷಣಕಾರ ಎದುರಿಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ.

ಸುಗ್ಗಿಯಲ್ಲಿ ಅವ್ವ ಕಸ ಕಿತ್ತ ಕಡೆ ಮಾತ್ರ ತೆನೆ ತುಂಬಿದವು, ಉಳಿದದ್ದೆಲ್ಲ ಜೊಳ್ಳು. ಕಾಕಾ ಆ ತುಂಬಿದ ತೆನೆಗಳನ್ನೇ ಹಿಡಿದು, ಗಾಳಿಯ ಪ್ರತಾಪ ನೋಡಿರಿ ಎಂದು ಬಂದವರಿಗೆಲ್ಲ ತೋರಿಸಿದರು.

ಹೊಸ ಜೋಳದ ರೊಟ್ಟಿ ನಾನು ಬಡಿದೆ. ದಪ್ಪಗಿದ್ದವು, ಅಂಚು ಒಡೆದಿದ್ದವು. ಕಾಕಾ ಒಂದು ಚೂರು ಮುರಿದುಕೊಂಡರು.

"ನಿಮ್ಮವ್ವನಂಗ ತೆಳ್ಳಗ ಬಡೀಬೇಕವಾ."

"ಅವ್ವನ ಕೈ ಆ ಹೊಲದಾಗ ಹೋದವ್ರಿ, ಕಾಕಾ," ಅಂದೆ.

ಅವರು ಇನ್ನೊಂದು ಚೂರು ಮುರಿದುಕೊಂಡರು. ಉಣ್ಣುವವರ ಮುಂದೆ ಹೀಗೆಲ್ಲ ಮಾತಾಡಬಾರದೆಂದು ಅವ್ವ ನನ್ನನ್ನೇ ಗದರಿದಳು. ಅವರಿಗೆ ಇನ್ನೊಂದು ರೊಟ್ಟಿ ಹಾಕು ಅಂದಳು.